ದಾನದ ಬ್ರಷ್ ಯಾರ ಬಾಯಿಗೆ?

ಕಳೆದ ವಾರ ಮಾನ್ವಿಯ ವ್ಯಾಪಾರಿಯೊಬ್ಬರು ನನ್ನ ದವಾಖಾನೆಗೆ ಬಂದಿದ್ದರು. ರಕ್ತದೊತ್ತಡ ನೋಡಿಸಿಕೊಂಡು, ಮಾತ್ರೆ ಬರೆಸಿಕೊಂಡು ಎದ್ದವರು ಬಾಗಿಲ ತನಕ ಹೋಗಿ ತಿರುಗಿ ಬಂದರು. ಜೇಬಿನಿಂದ ಎರಡು ಹಲ್ಲುಜ್ಜುವ ಬ್ರಷ್ ತೆಗೆದು ಮೇಜಿನ ಮೇಲಿಟ್ಟರು. ಒಂದು ದೊಡ್ಡವರದು, ಇನ್ನೊಂದು ಮಕ್ಕಳದು. ಎರಡರ ಹಿಡಿಯ ಮೇಲೂ ಅವರ ಅಂಗಡಿಯ ಹೆಸರು ಅಚ್ಚಾಗಿತ್ತು. ಅಂಗಡಿಗೆ 25 ವರ್ಷ ತುಂಬುತ್ತದೆಯಂತೆ. ಶಾಲೆಯಲ್ಲಿ ಸಣ್ಣದೊಂದು ಸಮಾರಂಭ ಮಾಡಿ ಒಂದು ಸಾವಿರ ಬ್ರಷ್ ಹಂಚಬೇಕೆಂಬುದು ಅವರ ಆಸೆ.

‘ಸಾಹೇಬ್ರ, ಯಾವುದು ಆರ್ಡರ್ ಕೊಡ್ಲಿ ಹೇಳ್ರಿ. ದೊಡ್ಡದಾದ್ರ ಅಂಗಡಿ ಹೆಸರು ಚಲೋ ಕಾಣ್ತದ, ಮನ್ಯಾಗ ಎಲ್ಲಾರೂ ಬಳಸ್ತಾರ. ಸಣ್ಣದು ಬರೇ ಹುಡುಗ್ರಿಗೆ ಆಗ್ತದ’ ಎಂದರು.

ಪ್ರಶ್ನೆ ಚಿಕ್ಕದು. ಆದರೆ ಇಂಥ ಪ್ರಶ್ನೆಯನ್ನು ಕೇಳುವವರೇ ಕಡಿಮೆ. ಅಂಗಡಿ, ಸಹಕಾರ ಸಂಘ, ಯುವಕ ಮಂಡಳಿ, ಹುಟ್ಟುಹಬ್ಬ ಆಚರಿಸಿಕೊಳ್ಳುವ ಮುಖಂಡರು, ಹೀಗೆ ಇಂದು ಬ್ರಷ್ ಹಂಚುವವರು ಬಹಳ ಮಂದಿ. ಮಾರ್ಚ್ 20ರ ವಿಶ್ವ ಬಾಯಿ ಆರೋಗ್ಯ ದಿನ ಬಂತೆಂದರೆ ಶಾಲೆಗಳಲ್ಲಿ ಇಂಥ ಕಾರ್ಯಕ್ರಮಗಳು ಹೆಚ್ಚು. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಕೊಟ್ಟ ಬ್ರಷ್ ಯಾರ ಬಾಯಿಗೆ ಹೋಗುತ್ತದೆ, ಅಲ್ಲಿ ಏನು ಮಾಡುತ್ತದೆ ಎಂದು ಯೋಚಿಸುವುದು ಅಪರೂಪ.

ನಾನು ದಂತವೈದ್ಯನಲ್ಲ, ಸಾಮಾನ್ಯ ವೈದ್ಯ. ಆದರೂ ಹಲ್ಲುನೋವಿನ ಮಕ್ಕಳನ್ನು ಕರೆದುಕೊಂಡು ತಾಯಂದಿರು ಮೊದಲು ಬರುವುದು ನಮ್ಮಂಥವರ ಬಳಿಗೇ. ಈ ವಿಷಯದಲ್ಲಿ ನನ್ನದೂ ಒಂದು ತಪ್ಪು ಇರುವುದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆಯಿತು. ದಾನಿಯೊಬ್ಬರು ಬ್ರಷ್ ಕೊಡಿಸಲು ಮುಂದೆ ಬಂದರು. ಯಾವುದು ಬೇಕೆಂದು ನನ್ನನ್ನೇ ಕೇಳಿದರು. ಸಗಟು ಬೆಲೆಯಲ್ಲಿ ದೊಡ್ಡವರ ಬ್ರಷ್ ಅಗ್ಗವಾಗಿ ಸಿಗುತ್ತಿತ್ತು. ‘ಅದನ್ನೇ ತರಿಸಿ, ಮಕ್ಕಳು ಬೆಳೆಯುತ್ತಾರಲ್ಲ’ ಎಂದುಬಿಟ್ಟೆ. ಬಿರುಸು ಎಷ್ಟೆಂದು ಪೊಟ್ಟಣವನ್ನು ತಿರುಗಿಸಿ ಕೂಡ ನೋಡಲಿಲ್ಲ.

ಎರಡು ತಿಂಗಳ ನಂತರ ಅದೇ ಶಾಲೆಗೆ ಹೋದಾಗ ಎರಡನೇ ತರಗತಿಯ ಮಕ್ಕಳನ್ನು ಬ್ರಷ್ ಎಲ್ಲಿ ಎಂದು ಕೇಳಿದೆ. ‘ಬಾಯಾಗ ಹೋಗಂಗಿಲ್ರಿ’ ಎಂದ ಒಬ್ಬ ಹುಡುಗ. ‘ಉಜ್ಜಿದ್ರ ರಕ್ತ ಬರ್ತದ್ರಿ’ ಎಂದಳು ಇನ್ನೊಬ್ಬ ಹುಡುಗಿ. ಮೂರನೆಯವನದು ನೇರ ಉತ್ತರ: ‘ಅಪ್ಪ ತಗೊಂಡಾನ್ರಿ’. ಮತ್ತೊಬ್ಬನ ಮನೆಯಲ್ಲಿ ಆ ಬ್ರಷ್ಷಿನಿಂದ ಔಷಧ ಹೊಡೆಯುವ ಪಂಪಿನ ಮೂತಿಯನ್ನು ಸ್ವಚ್ಛಗೊಳಿಸುತ್ತಿದ್ದರು. ಹತ್ತಿ, ಮೆಣಸಿನಕಾಯಿಗೆ ಕೀಟನಾಶಕ ಹೊಡೆಯುವ ನಮ್ಮ ಸೀಮೆಯಲ್ಲಿ ಇದು ಎಷ್ಟು ಅಪಾಯಕಾರಿ ಎಂದು ಬೇರೆ ಹೇಳಬೇಕಿಲ್ಲ. ಅದೇ ಬ್ರಷ್ ತಿರುಗಿ ಬಚ್ಚಲಿನ ಗೂಡು ಸೇರಿದರೆ ಗತಿಯೇನು?

ಮಕ್ಕಳಿಗೆಂದು ಕೊಟ್ಟದ್ದು ಹೀಗೆ ಮಕ್ಕಳನ್ನು ಬಿಟ್ಟು ಉಳಿದೆಲ್ಲರಿಗೂ ಉಪಯೋಗವಾಗಿತ್ತು. ಹುಡುಗರು ಮತ್ತೆ ಬೂದಿ, ಇದ್ದಿಲಿಗೆ ಮರಳಿದ್ದರು. ಅದಕ್ಕಿಂತ ಹೆಚ್ಚಾಗಿ, ಬ್ರಷ್ ಎಂದರೆ ನೋವು ಎಂಬ ಪಾಠ ಕಲಿತಿದ್ದರು. ಆ ಪಾಠವನ್ನು ಮರೆಸುವುದು ಸುಲಭವಲ್ಲ.

ಮಗುವಿನ ಬಾಯಿಯ ಅಳತೆ

ಮಕ್ಕಳ ಬ್ರಷ್ ಎಂದರೆ ಬಣ್ಣ ಬಳಿದು ಗೊಂಬೆ ಅಂಟಿಸಿದ ದೊಡ್ಡವರ ಬ್ರಷ್ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ವ್ಯತ್ಯಾಸ ಇರುವುದು ಮೂರು ಕಡೆ: ತಲೆ, ಎಳೆ ಮತ್ತು ಹಿಡಿ.

ದೊಡ್ಡವರ ಬ್ರಷ್ಷಿನ ತಲೆ ಸಾಮಾನ್ಯವಾಗಿ 25ರಿಂದ 32 ಮಿಲಿಮೀಟರ್ ಉದ್ದವಿರುತ್ತದೆ. ಆರು ವರ್ಷದ ಮಗುವಿನ ಬಾಯಿಯಲ್ಲಿ ಅಷ್ಟು ದೊಡ್ಡ ತಲೆ ಮುಂಭಾಗದ ಹಲ್ಲುಗಳನ್ನು ಮಾತ್ರ ಮುಟ್ಟುತ್ತದೆ. ಹಿಂದಕ್ಕೆ ತಳ್ಳಿದರೆ ಕೆನ್ನೆಗೆ ತಾಗುತ್ತದೆ, ಇಲ್ಲವೇ ಗಂಟಲಿಗೆ ಹೋಗಿ ವಾಕರಿಕೆ ತರುತ್ತದೆ. ಮಗುವಿನ ಎರಡು ದವಡೆ ಹಲ್ಲುಗಳನ್ನು ಮುಚ್ಚುವಷ್ಟು ತಲೆ ಇದ್ದರೆ ಸಾಕು.

ಎಳೆಗಳ ವಿಷಯ ಇನ್ನೂ ಮುಖ್ಯ. ಹಿಂದೆ ಹಂದಿಯ ಕೂದಲಿನಿಂದ ಬ್ರಷ್ ಮಾಡುತ್ತಿದ್ದರು. 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆಯ ಬ್ರಷ್ ಮಾರುಕಟ್ಟೆಗೆ ಬಂದ ಮೇಲೆ ಎಳೆಯ ದಪ್ಪವನ್ನು ಬೇಕಾದಂತೆ ಮಾಡುವುದು ಸಾಧ್ಯವಾಯಿತು. ಮೃದು ಬ್ರಷ್ಷಿನ ಎಳೆ ಸುಮಾರು 0.2 ಮಿಲಿಮೀಟರ್, ಮಧ್ಯಮದ್ದು 0.3, ಬಿರುಸಾದುದು 0.4 ಮಿಲಿಮೀಟರ್ ದಪ್ಪ. ಕಣ್ಣಿಗೆ ಕಾಣದ ಈ ಅಂತರ ವಸಡಿಗೆ ಚೆನ್ನಾಗಿ ತಿಳಿಯುತ್ತದೆ. ಮಕ್ಕಳಿಗೆ ಮೃದು ಅಥವಾ ಅತಿ ಮೃದು ಎಂದು ಬರೆದದ್ದೇ ಆಗಬೇಕು. ದೊಡ್ಡವರಿಗೂ ಮೃದುವಾದುದೇ ಲೇಸು.

ಇನ್ನು ಹಿಡಿ. ದೊಡ್ಡವರ ಬ್ರಷ್ಷಿನ ಹಿಡಿ ತೆಳ್ಳಗೆ, ಉದ್ದಕ್ಕೆ ಇರುತ್ತದೆ. ಚಿಕ್ಕ ಮಗು ಅದನ್ನು ಬೆರಳುಗಳಲ್ಲಿ ಹಿಡಿಯಲಾರದು, ಮುಷ್ಟಿಯಲ್ಲಿ ಹಿಡಿಯುತ್ತದೆ. ಆದ್ದರಿಂದಲೇ ಮಕ್ಕಳ ಬ್ರಷ್ಷಿನ ಹಿಡಿ ಗಿಡ್ಡ ಹಾಗೂ ದಪ್ಪ.

ಆರನೇ ವರ್ಷದ ಹಲ್ಲು

‘ಹಾಲು ಹಲ್ಲು ಹೇಗೂ ಬಿದ್ದುಹೋಗುವಂಥದ್ದು, ಅದಕ್ಕೇಕೆ ಇಷ್ಟು ಉಪಚಾರ?’ ಎಂದು ಕೇಳುವ ಹಿರಿಯರಿದ್ದಾರೆ. ಹಾಲು ಹಲ್ಲುಗಳು ಒಟ್ಟು 20. ಅವುಗಳಲ್ಲಿ ದವಡೆ ಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಬಾಯಿಯಲ್ಲಿರುತ್ತವೆ. ಅವು ಹುಳುಕಾದರೆ ಮಗು ರೊಟ್ಟಿ ಅಗಿಯಲಾರದು, ರಾತ್ರಿ ಮಲಗಲಾರದು, ತರಗತಿಯಲ್ಲಿ ಪಾಠ ಕೇಳಲಾರದು. ಅವಧಿಗೆ ಮುಂಚೆ ಕೀಳಿಸಿದರೆ ಪಕ್ಕದ ಹಲ್ಲುಗಳು ಜರುಗಿ, ಮುಂದೆ ಬರುವ ಹಲ್ಲಿಗೆ ಜಾಗವಿಲ್ಲದಂತಾಗುತ್ತದೆ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಸುಮಾರು ಆರನೇ ವರ್ಷದಲ್ಲಿ, ಹಾಲು ಹಲ್ಲುಗಳ ಸಾಲಿನ ಹಿಂದೆ, ಮೇಲೆ ಎರಡು ಕೆಳಗೆ ಎರಡು ದವಡೆ ಹಲ್ಲುಗಳು ಹುಟ್ಟುತ್ತವೆ. ಇವು ಬರುವಾಗ ಯಾವ ಹಾಲು ಹಲ್ಲೂ ಬೀಳುವುದಿಲ್ಲ. ಹೀಗಾಗಿ ತಾಯ್ತಂದೆಯರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾದರೂ ಹಾಲು ಹಲ್ಲೆಂದೇ ಭಾವಿಸುತ್ತಾರೆ. ವಾಸ್ತವವಾಗಿ ಇವು ಕಾಯಂ ಹಲ್ಲುಗಳು. ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಊಟದ ಕಣಗಳು ಸಿಕ್ಕಿಕೊಳ್ಳುವ ಆಳವಾದ ಗೆರೆಗಳು ಇವುಗಳ ಮೇಲೆಯೇ ಇರುವುದರಿಂದ ಹುಳುಕು ಬೇಗ ಹಿಡಿಯುತ್ತದೆ.

ಈಗ ಯೋಚಿಸಿ ನೋಡಿ. ಒಂದನೇ, ಎರಡನೇ ತರಗತಿಯ ಮಗುವಿನ ಬಾಯಿಯಲ್ಲಿ ಎಲ್ಲಕ್ಕಿಂತ ಹಿಂದೆ ಇರುವ, ಎಲ್ಲಕ್ಕಿಂತ ಬೆಲೆಯುಳ್ಳ ಹಲ್ಲು ಅದು. ದೊಡ್ಡವರ ಬ್ರಷ್ ತಲುಪದ ಜಾಗವೂ ಅದೇ.

ಪೇಸ್ಟಿನ ಲೆಕ್ಕ, ನಮ್ಮ ನೀರಿನ ಲೆಕ್ಕ

ಬ್ರಷ್ಷಿನ ಜೊತೆ ಪೇಸ್ಟಿನ ಸಣ್ಣ ಟ್ಯೂಬ್ ಕೊಡುವುದು ವಾಡಿಕೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಸ್ವಲ್ಪ ಎಚ್ಚರದಿಂದ ಮಾಡಬೇಕು.

ಹಲ್ಲು ಹುಳುಕಾಗದಂತೆ ತಡೆಯುವ ಗುಣ ಫ್ಲೋರೈಡಿಗಿದೆ. ಆದ್ದರಿಂದಲೇ ಅದನ್ನು ಪೇಸ್ಟಿನಲ್ಲಿ ಸೇರಿಸುತ್ತಾರೆ. ಆದರೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದವರೆಗೆ, ಅದು ಹೊಟ್ಟೆಗೆ ಹೆಚ್ಚಾಗಿ ಹೋದರೆ ಮುಂದೆ ಬರುವ ಹಲ್ಲುಗಳ ಮೇಲೆ ಬಿಳಿ, ಹಳದಿ, ಕಂದು ಕಲೆಗಳು ಮೂಡುತ್ತವೆ. ಇದೇ ದಂತ ಫ್ಲೋರೋಸಿಸ್. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಮಾನ್ವಿ, ದೇವದುರ್ಗ ತಾಲ್ಲೂಕುಗಳೂ ಇದಕ್ಕೆ ಹೊರತಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರಿಲ್ಲದ ಕಡೆ 1.5 ಮಿಲಿಗ್ರಾಂವರೆಗೆ ವಿನಾಯಿತಿ.

ಇನ್ನು ಪೇಸ್ಟಿಗೆ ಬನ್ನಿ. ನಮ್ಮ ದೇಶದ ನಿಯಮದಂತೆ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ. ಎಂದರೆ ಒಂದು ಗ್ರಾಂ ಪೇಸ್ಟಿನಲ್ಲಿ ಹೆಚ್ಚೆಂದರೆ 1 ಮಿಲಿಗ್ರಾಂ. ಜಾಹೀರಾತಿನಲ್ಲಿ ತೋರಿಸುವಂತೆ ದೊಡ್ಡವರ ಬ್ರಷ್ಷಿನ ಉದ್ದಕ್ಕೂ ಪೇಸ್ಟ್ ಹಿಂಡಿದರೆ ಹೆಚ್ಚುಕಡಿಮೆ ಒಂದು ಗ್ರಾಂ ಆಗುತ್ತದೆ. ಉಗುಳಲು ಬಾರದ ಮಗು ಅದನ್ನು ನುಂಗಿದರೆ, ಮಿತಿಯಂಚಿನಲ್ಲಿರುವ ಒಂದು ಲೀಟರ್ ನೀರನ್ನು ಹೆಚ್ಚಿಗೆ ಕುಡಿದಷ್ಟೇ ಫ್ಲೋರೈಡ್ ಒಳಗೆ ಹೋಯಿತು. ಕುಡಿಯುವ ನೀರಿನಲ್ಲಿ ಮೊದಲೇ ಹೆಚ್ಚಿರುವ ಹಳ್ಳಿಯಲ್ಲಿ ಇದು ಗಾಯದ ಮೇಲೆ ಬರೆ.

ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಬಟಾಣಿಯಷ್ಟು ಎಂದರೆ ಸುಮಾರು ಕಾಲು ಗ್ರಾಂ. ಸಣ್ಣ ತಲೆಯ ಬ್ರಷ್ ಇದ್ದರೆ ಹೆಚ್ಚು ಹಾಕಲು ಜಾಗವೇ ಇರುವುದಿಲ್ಲ. ಇದು ಮಕ್ಕಳ ಬ್ರಷ್ಷಿನ ಇನ್ನೊಂದು ಲಾಭ. ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂದು ಗೊತ್ತಿರುವ ಊರಿನ ಚಿಕ್ಕ ಮಕ್ಕಳಿಗೆ ಯಾವ ಪೇಸ್ಟ್ ಆಗಬಹುದೆಂದು ದಂತವೈದ್ಯರನ್ನು ಕೇಳಿಯೇ ನಿರ್ಧರಿಸಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದೂ ನೆನಪಿರಲಿ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನು ಬಳಸಿ.

ಕಲೆಯನ್ನು ಉಜ್ಜಿ ತೆಗೆಯಲಾಗದು

ಈ ಕಂದು ಕಲೆಗಳಿಂದಾಗಿಯೇ ನಮ್ಮಲ್ಲಿ ಬಿರುಸಾದ ಬ್ರಷ್ಷಿಗೆ ಬೇಡಿಕೆ. ‘ಗಟ್ಟಿ ಬ್ರಷ್ ಕೊಡ್ರಿ, ಕಲೆ ಹೋಗಬೇಕು’ ಎಂದು ಔಷಧದ ಅಂಗಡಿಯಲ್ಲಿ ಕೇಳುವವರನ್ನು ನಾನೇ ನೋಡಿದ್ದೇನೆ. ಹದಿಹರೆಯದ ಹುಡುಗಿಯರು ನಗುವಾಗ ಬಾಯಿಗೆ ಸೆರಗು, ದುಪಟ್ಟಾ ಅಡ್ಡ ಹಿಡಿಯುವುದನ್ನು ನೋಡಿದಾಗ ಅವರ ಸಂಕಟ ಅರ್ಥವಾಗುತ್ತದೆ. ಆದರೆ ಈ ಕಲೆ ಹಲ್ಲಿನ ಮೇಲೆ ಕುಳಿತ ಕೊಳೆಯಲ್ಲ, ಹಲ್ಲಿನ ಹೊರಪದರದಲ್ಲೇ ಬೆರೆತದ್ದು. ಬಿರುಸಾದ ಬ್ರಷ್, ಇಟ್ಟಿಗೆ ಪುಡಿ, ಬೂದಿ, ಇದ್ದಿಲು ಯಾವುದರಿಂದ ತಿಕ್ಕಿದರೂ ಹೋಗದು. ಹೊರಪದರ ಸವೆಯುತ್ತದೆ, ವಸಡು ಹಿಂದೆ ಸರಿಯುತ್ತದೆ, ತಣ್ಣೀರು ಕುಡಿದರೂ ಜುಮ್ಮೆನ್ನುತ್ತದೆ, ಅಷ್ಟೇ. ಕಲೆಗೆ ದಂತವೈದ್ಯರಲ್ಲಿ ಚಿಕಿತ್ಸೆಯಿದೆ. ರಾಯಚೂರು ನಗರದಲ್ಲೇ ಎ.ಎಂ.ಇ. ಮತ್ತು ನವೋದಯ ದಂತ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ತೋರಿಸಬಹುದು.

ಆದ್ದರಿಂದ ದಾನಿಗಳಲ್ಲಿ ನನ್ನ ಪ್ರಾರ್ಥನೆ: ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿರುಸಾದ ಬ್ರಷ್ ಹಂಚಬೇಡಿ.

ಒಂದು ಬಾಯಿಗೆ ಒಂದು ಬ್ರಷ್

ಮನೆಗೆ ಒಂದು ಎಂದು ಬ್ರಷ್ ಕೊಡುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಅಣ್ಣ ಉಜ್ಜಿ ತಮ್ಮನಿಗೆ ಕೊಡುತ್ತಾನೆ, ತಮ್ಮ ತಂಗಿಗೆ ಕೊಡುತ್ತಾನೆ. ಹುಳುಕಿಗೆ ಕಾರಣವಾಗುವ ಸೂಕ್ಷ್ಮಜೀವಿಗಳು ಒಬ್ಬರ ಬಾಯಿಯಿಂದ ಇನ್ನೊಬ್ಬರ ಬಾಯಿಗೆ ಹೋಗುತ್ತವೆ. ವಸಡಿನಿಂದ ರಕ್ತ ಬರುವವರ ಬ್ರಷ್ಷಿನ ಮೂಲಕ ಹೆಪಟೈಟಿಸ್ ಬಿ ಎಂಬ ಕಾಮಾಲೆಯ ವೈರಸ್ ಕೂಡ ಹರಡಬಹುದು. ಒಬ್ಬರ ಬ್ರಷ್ ಇನ್ನೊಬ್ಬರಿಗೆ ಸಲ್ಲದು. ಬ್ರಷ್ ಸಾಲದಿದ್ದರೆ ಬೇವಿನ ಕಡ್ಡಿಯೇ ಮೇಲು. ಅದನ್ನಾದರೂ ಯಾರೂ ಹಂಚಿಕೊಳ್ಳುವುದಿಲ್ಲ.

ಹಾಗಾದರೆ ಯಾವುದನ್ನು ತರಿಸಬೇಕು?

ಬ್ರಷ್ ಹಂಚಬೇಕೆಂದಿರುವವರು ಆರ್ಡರ್ ಕೊಡುವ ಮೊದಲು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಮೊದಲು ತಲೆ ಎಣಿಸಿ. ಮುಖ್ಯೋಪಾಧ್ಯಾಯರನ್ನು, ಅಂಗನವಾಡಿ ಕಾರ್ಯಕರ್ತೆಯರನ್ನು ಕೇಳಿದರೆ ಯಾವ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಹಾಜರಿ ಪುಸ್ತಕ ನೋಡಿ ಹೇಳುತ್ತಾರೆ.

2. ಅಂಗನವಾಡಿ ಮಕ್ಕಳಿಗೆ ಅತಿ ಸಣ್ಣ ತಲೆಯ, ದಪ್ಪ ಹಿಡಿಯ, ಅತಿ ಮೃದುವಾದ ಬ್ರಷ್. ಒಂದರಿಂದ ಐದನೇ ತರಗತಿಯವರಿಗೆ ಮಕ್ಕಳ ಬ್ರಷ್. ಯಾವ ವಯಸ್ಸಿಗೆ ಎಂದು ಸಾಮಾನ್ಯವಾಗಿ ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ.

3. ಆರನೇ ತರಗತಿಯಿಂದ ಮೇಲಿನವರಿಗೆ ಮತ್ತು ದೊಡ್ಡವರಿಗೆ, ದೊಡ್ಡವರ ಬ್ರಷ್ಷಿನಲ್ಲೇ ಸಣ್ಣ ತಲೆಯ ಮೃದುವಾದುದು.

4. ಯಾರ್‍ಯಾರು ಬರುತ್ತಾರೆಂದು ಗೊತ್ತಿಲ್ಲದ ಜಾತ್ರೆ, ಅಂಗಡಿ ಉದ್ಘಾಟನೆಯಂಥ ಸಂದರ್ಭದಲ್ಲಿ ಒಂದೇ ಬಗೆ ತರಿಸಬೇಕಾಗಿ ಬಂದರೆ, ಆರು ವರ್ಷ ಮೇಲ್ಪಟ್ಟವರಿಗೆಂದು ಮಾರುವ ಸಣ್ಣ ತಲೆಯ ಮೃದು ಬ್ರಷ್ ತರಿಸಿ. ಸಣ್ಣ ತಲೆಯ ಬ್ರಷ್ಷಿನಿಂದ ದೊಡ್ಡವರೂ ಉಜ್ಜಿಕೊಳ್ಳಬಹುದು, ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ ಅಷ್ಟೇ. ದೊಡ್ಡ ತಲೆಯ ಬ್ರಷ್ಷಿನಿಂದ ಮಗು ಉಜ್ಜಿಕೊಳ್ಳಲಾರದು.

5. ಮಾದರಿ ತರಿಸಿ ಪರೀಕ್ಷಿಸಿ. ಎಳೆಗಳನ್ನು ಮುಂಗೈಯ ಹಿಂಬದಿಯ ಚರ್ಮದ ಮೇಲೆ ಉಜ್ಜಿ ನೋಡಿ. ಗೀರಿದಂತಾದರೆ, ಎಳೆ ಉದುರಿದರೆ ಆ ಮಾಲು ಬೇಡ.

6. ಅಂಗಡಿಯ ಹೆಸರು ಹಿಡಿಯ ಕೆಳತುದಿಯಲ್ಲಿರಲಿ, ಬಾಯೊಳಗೆ ಹೋಗುವ ಭಾಗಕ್ಕೆ ಬಣ್ಣ ಬೇಡ. ಪಕ್ಕದಲ್ಲಿ ಮಗುವಿನ ಹೆಸರು ಬರೆಯಲು ಒಂದಿಷ್ಟು ಖಾಲಿ ಜಾಗ ಬಿಡಿಸಿ. ನಾಲ್ಕೈದು ಬಣ್ಣಗಳಲ್ಲಿ ತರಿಸಿದರೆ ಒಂದೇ ಮನೆಯ ಅಕ್ಕ ತಮ್ಮಂದಿರ ಬ್ರಷ್ ಅದಲುಬದಲಾಗುವುದಿಲ್ಲ.

7. ಬ್ರಷ್ಷಿನ ಆಯುಸ್ಸು ಮೂರು ತಿಂಗಳು. ಎಳೆಗಳು ಕೆದರಿದರೆ ಅದಕ್ಕೂ ಮೊದಲೇ ಬದಲಿಸಬೇಕು. ಒಂದೇ ದಿನ ಸಾವಿರ ಜನರಿಗೆ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಬದಲು, ಅದೇ ಸಾವಿರ ಬ್ರಷ್ಷುಗಳನ್ನು 250 ಮಕ್ಕಳಿಗೆ ಮೂರು ತಿಂಗಳಿಗೊಮ್ಮೆಯಂತೆ ನಾಲ್ಕು ಸಲ ಕೊಡಿ. ವರ್ಷವಿಡೀ ಆ ಮಕ್ಕಳ ಹಲ್ಲು ಉಳಿಯುತ್ತದೆ. ನಿಮ್ಮ ಅಂಗಡಿಯ ಹೆಸರೂ ವರ್ಷವಿಡೀ ಆ ಮನೆಗಳಲ್ಲಿರುತ್ತದೆ.

ಬ್ರಷ್ ಕೈಗಿಟ್ಟರೆ ಮುಗಿಯಲಿಲ್ಲ

ಹಂಚುವ ದಿನ ಭಾಷಣ ಕಡಿಮೆ ಮಾಡಿ, ಒಬ್ಬ ದಂತವೈದ್ಯರನ್ನೋ ಆರೋಗ್ಯ ಕಾರ್ಯಕರ್ತೆಯನ್ನೋ ಕರೆಸಿ ಉಜ್ಜುವ ಕ್ರಮವನ್ನು ಮಾಡಿ ತೋರಿಸಿ. ಸಾಧ್ಯವಾದರೆ ತಾಯಂದಿರನ್ನೂ ಕೂರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆ, ಅಂಗನವಾಡಿಗಳಲ್ಲಿ ಮಾಡುವ ತಪಾಸಣೆಯಲ್ಲಿ ಹಲ್ಲಿನ ಹುಳುಕೂ ಸೇರಿದೆ. ತಂಡ ಬರುವ ದಿನವನ್ನು ಕೇಳಿಕೊಂಡು ಅಂದೇ ಕಾರ್ಯಕ್ರಮ ಇಟ್ಟುಕೊಂಡರೆ ಎರಡೂ ಕೆಲಸ ಒಟ್ಟಿಗೆ ಆಗುತ್ತವೆ.

ಮನೆಯವರು ಗಮನಿಸಬೇಕಾದುದು ಇಷ್ಟೇ. ಬೆಳಿಗ್ಗೆ ಒಮ್ಮೆ, ರಾತ್ರಿ ಊಟವಾದ ಮೇಲೆ ಒಮ್ಮೆ, ಪ್ರತಿ ಸಲ ಎರಡು ನಿಮಿಷ ಉಜ್ಜಿಸಿ. ರಾತ್ರಿಯ ಉಜ್ಜುವಿಕೆಯನ್ನು ತಪ್ಪಿಸಬೇಡಿ. ಏಳೆಂಟು ವರ್ಷದವರೆಗೆ ಮಗು ತಾನೇ ಉಜ್ಜಿಕೊಂಡರೂ ಕೊನೆಯಲ್ಲಿ ಹಿರಿಯರೊಬ್ಬರು ಹಿಂದಿನ ಹಲ್ಲುಗಳನ್ನು ಉಜ್ಜಿಕೊಡಬೇಕು. ಪೇಸ್ಟನ್ನು ನುಂಗದೆ ಉಗುಳುವುದನ್ನು ಕಲಿಸಿ. ಬ್ರಷ್ ತೊಳೆದು ತಲೆ ಮೇಲಾಗಿ, ಗಾಳಿಯಾಡುವ ಕಡೆ ನಿಲ್ಲಿಸಿ. ಒದ್ದೆಯಿರುವಾಗಲೇ ಮುಚ್ಚಳ ಹಾಕಿಡಬೇಡಿ. ಹಳೆಯ ಬ್ರಷ್ಷನ್ನು ಬೇರೆ ಕೆಲಸಕ್ಕೆ ಬಳಸುವುದಾದರೆ ಹಿಡಿಯನ್ನು ಮುರಿದು ಗುರುತು ಮಾಡಿ, ಬಚ್ಚಲಿನಿಂದ ದೂರವಿಡಿ. ಔಷಧ ಹೊಡೆಯುವ ಪಂಪಿಗೆ ಬಳಸಿದ್ದನ್ನಂತೂ ಮನೆಯೊಳಗೆ ತರಲೇಬೇಡಿ.

ದೊಡ್ಡವರಿಗೂ ಒಂದು ಮಾತು. ಟೂತ್‌ಪೇಸ್ಟ್, ಹಲ್ಲುಪುಡಿಗಳಲ್ಲಿ ತಂಬಾಕು ಬೆರೆಸುವುದನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಆದರೂ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಅಭ್ಯಾಸವುಳ್ಳ ಹಿರಿಯರಿದ್ದಾರೆ. ಅಂಥವರ ಕೈಗೂ ಒಂದು ಮೃದುವಾದ ಬ್ರಷ್ ಸೇರಿದರೆ ಒಳ್ಳೆಯದೇ. ದೊಡ್ಡವರ ಬ್ರಷ್ ಹಂಚಬಾರದೆಂದು ನಾನು ಹೇಳುತ್ತಿಲ್ಲ. ಮಕ್ಕಳ ಪಾಲಿನದನ್ನು ದೊಡ್ಡವರ ಅಳತೆಯಲ್ಲಿ ಕೊಡಬಾರದು ಎನ್ನುತ್ತಿದ್ದೇನೆ.

ಮಾನ್ವಿಯ ವ್ಯಾಪಾರಿಗಳು ಎಲ್ಲವನ್ನೂ ಕೇಳಿ, ದೊಡ್ಡ ಬ್ರಷ್ಷನ್ನು ಜೇಬಿಗೆ ಹಾಕಿಕೊಂಡು ಸಣ್ಣದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ನೋಡಿದರು. ‘ಇದರ ಮ್ಯಾಲ ಅಂಗಡಿ ಹೆಸರು ಪೂರಾ ಹಿಡಿಸಂಗಿಲ್ರಿ ಸಾಹೇಬ್ರ’ ಎಂದರು. ‘ಅರ್ಧ ಹೆಸರು ಸಾಕು ಬಿಡ್ರಿ, ಹುಡುಗನ ಹೆಸರು ಪೂರಾ ಹಿಡಿಸಿದ್ರಾತು’ ಎಂದೆ. ನಕ್ಕು ಒಪ್ಪಿಕೊಂಡರು. ಸೋಮವಾರ ಮುಖ್ಯೋಪಾಧ್ಯಾಯರ ಬಳಿ ಹೋಗಿ ಮಕ್ಕಳ ಲೆಕ್ಕ ತರುವುದಾಗಿ ಹೇಳಿ ಹೋಗಿದ್ದಾರೆ.